ಎಂಬತ್ತೊಂಬತ್ತನೆಯ ಹೆಸರು

1989ರ ಮೇ ತಿಂಗಳ ಆರಂಭ. ಊರು ಸ್ಟಾಕ್‌ಹೋಮ್. ಐಸ್ ಹಾಕಿಯ ವಿಶ್ವ ಚಾಂಪಿಯನ್‌ಷಿಪ್ ಮುಗಿದಿದೆ. ಒಂದೂ ಪಂದ್ಯ ಸೋಲದೆ ಗೆದ್ದ ಸೋವಿಯತ್ ಆಟಗಾರರ ಕೊರಳಲ್ಲಿ ಚಿನ್ನದ ಪದಕ. ಇನ್ನು ಗಂಟುಮೂಟೆ ಕಟ್ಟಿ ಮಾಸ್ಕೋ ವಿಮಾನ ಹತ್ತುವುದಷ್ಟೇ ಬಾಕಿ. ಆ ಗಡಿಬಿಡಿಯಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ತಂಡದ ಕಣ್ತಪ್ಪಿಸಿ ಹೊರಗೆ ಜಾರಿಕೊಂಡ. ಅವನಿಗಾಗಿ ಇಬ್ಬರು ಅಟ್ಲಾಂಟಿಕ್ ದಾಟಿ ಬಂದು ಅದೇ ಊರಿನಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅವರಿಗೆ ರಷ್ಯನ್ ಬಾರದು, ಅವನಿಗೆ ಇಂಗ್ಲಿಷ್ ಬಾರದು. ಒಮ್ಮೆ ಆ ಇಬ್ಬರ ಜೊತೆ ಹೊರಟರೆ ಹಿಂದಿರುಗುವ ದಾರಿ ಮುಚ್ಚಿತು ಎನ್ನುವುದು ಮಾತ್ರ ಮೂವರಿಗೂ ಗೊತ್ತಿತ್ತು.

ಹುಡುಗನ ಹೆಸರು ಅಲೆಕ್ಸಾಂಡರ್ ಮೊಗಿಲ್ನಿ. ಮಾಸ್ಕೋದಿಂದ ಸಾವಿರಾರು ಮೈಲಿ ಆಚೆ, ಚೀನಾದ ಗಡಿಗೆ ಹತ್ತಿರದ ಖಬಾರೋವ್‌ಸ್ಕ್ ಅವನ ಹುಟ್ಟೂರು. 1988ರಲ್ಲಿ ಕೆನಡಾದ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವನಿಗೆ ಹತ್ತೊಂಬತ್ತು. ಆಡುತ್ತಿದ್ದದ್ದು ಸಿಎಸ್‌ಕೆಎ ಮಾಸ್ಕೋ ಪರವಾಗಿ. ಅದು ಹೆಸರಿಗೆ ಕ್ಲಬ್ಬು, ಒಡೆತನ ಸೇನೆಯದು. ಅಲ್ಲಿ ಆಡುವವರೆಲ್ಲ ಲೆಕ್ಕಕ್ಕೆ ಸೈನಿಕರು. ಮೊಗಿಲ್ನಿ ಕಿರಿಯ ಲೆಫ್ಟಿನೆಂಟ್. ಹಾಗಾಗಿ ಅವನು ಬಿಟ್ಟು ಓಡಿದ್ದು ತಂಡವನ್ನಲ್ಲ, ಸೇನೆಯನ್ನು. ಸೇನೆ ಬಿಟ್ಟು ಓಡಿದವನಿಗೆ ಕಾದಿರುವುದು ಸೆರೆಮನೆ.

ಬಂದ ಇಬ್ಬರು ಅಮೆರಿಕದ ಬಫಲೋ ಸೇಬರ್ಸ್ ತಂಡದವರು. ಜೆರ್ರಿ ಮೀಹನ್ ತಂಡದ ಜನರಲ್ ಮ್ಯಾನೇಜರ್, ಡಾನ್ ಲೂಸ್ ಹೊಸ ಹುಡುಗರನ್ನು ಹುಡುಕಿ ತರುವವರು. ಒಂದು ವರ್ಷದ ಹಿಂದೆ, 1988ರ ಡ್ರಾಫ್ಟ್‌ನಲ್ಲಿ, 89ನೆಯ ಆಯ್ಕೆಯಾಗಿ ಅವರು ಮೊಗಿಲ್ನಿಯ ಹೆಸರು ಕೂಗಿದ್ದರು.

ಡ್ರಾಫ್ಟ್ ಎಂದರೆ ನಾವು ಟಿವಿಯಲ್ಲಿ ನೋಡುವ ಐಪಿಎಲ್ ಅಥವಾ ಕಬಡ್ಡಿ ಹರಾಜಲ್ಲ. ಹರಾಜಿನಲ್ಲಿ ದುಡ್ಡು ಇದ್ದವನು ಕೈ ಎತ್ತುತ್ತಾನೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ತಂಡಗಳು ಸರದಿಯಲ್ಲಿ ಆರಿಸುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಮೊದಲ ಸರದಿಗಳು. ಹದಿನೆಂಟರ ಆಸುಪಾಸಿನ ಹುಡುಗನ ಹೆಸರನ್ನು ಒಂದು ತಂಡ ಕೂಗಿತೆಂದರೆ ಆ ಲೀಗಿನಲ್ಲಿ ಅವನ ಮೇಲಿನ ಹಕ್ಕು ಅದರದೇ. ಕೂಗುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಕೂಗಿದ ಹುಡುಗ ಸೋವಿಯತ್ ಒಕ್ಕೂಟದಲ್ಲಿದ್ದರೆ ಅವನನ್ನು ಕರೆತರುವುದು ಹೇಗೆ ಎನ್ನುವುದೇ ಬೆಟ್ಟದಂಥ ಪ್ರಶ್ನೆ.

1975ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ರೀಗಾದ ವಿಕ್ಟರ್ ಹಾತುಲೆವ್ ಹೆಸರು ಕೂಗಿತ್ತು. ಸೋವಿಯತ್ ಆಟಗಾರನೊಬ್ಬ ಡ್ರಾಫ್ಟ್ ಆದದ್ದು ಅದೇ ಮೊದಲು. ಅವನು ಬರಲೇ ಇಲ್ಲ. 1983ರಲ್ಲಿ ಮಾಂಟ್ರಿಯಲ್ ತಂಡ ಜಗತ್ತಿನ ಅತಿ ಶ್ರೇಷ್ಠ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್‌ನನ್ನೇ ಆರಿಸಿತು. ಅವನನ್ನು ಬಿಡಲಿಲ್ಲ, ಮರುವರ್ಷ ಅವನು ಆಟವನ್ನೇ ಬಿಟ್ಟ. ಅದೇ 1983ರಲ್ಲಿ ನ್ಯೂಜೆರ್ಸಿ ಕೂಗಿದ ವ್ಯಾಚೆಸ್ಲಾವ್ ಫೆಟಿಸೊವ್ ಅಮೆರಿಕದ ಮಂಜಿನ ಮೇಲೆ ಕಾಲಿಡಲು ಆರು ವರ್ಷ ಬಡಿದಾಡಬೇಕಾಯಿತು. ತಂಡಗಳು ಕೊನೆಯ ಸುತ್ತುಗಳಲ್ಲಿ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ, ಲಾಟರಿ ಚೀಟಿ ಕೊಂಡ ಹಾಗೆ ಒಂದು ರಷ್ಯನ್ ಹೆಸರು ಬರೆಸಿ ಎದ್ದು ಹೋಗುತ್ತಿದ್ದವು. 1988ರ ಡ್ರಾಫ್ಟ್‌ನ ಕಟ್ಟಕಡೆಯ, 252ನೆಯ ಹೆಸರು ಸೆರ್ಗೆಯ್ ಪ್ರಿಯಾಖಿನ್. ಆ ಒಂದು ಚೀಟಿಗೆ ಬಹುಮಾನ ಹತ್ತಿತು. 1989ರ ಮಾರ್ಚಿನಲ್ಲಿ ಮಾಸ್ಕೋ ತಾನಾಗಿಯೇ ಅವನನ್ನು ಕ್ಯಾಲ್ಗರಿಗೆ ಕಳಿಸಿತು, ಸರ್ಕಾರದ ಅನುಮತಿಯೊಂದಿಗೆ ಎನ್‌ಎಚ್‌ಎಲ್ ಆಡಿದ ಮೊದಲ ಸೋವಿಯತ್ ಆಟಗಾರ ಅವನು. ಆದರೆ ಅವನು ಸಿಎಸ್‌ಕೆಎಯವನಲ್ಲ, ವಯಸ್ಸು ಇಪ್ಪತ್ತೈದು ದಾಟಿತ್ತು. ಇಪ್ಪತ್ತರ ಹರೆಯದ ಮೊಗಿಲ್ನಿಯಂಥ ರತ್ನವನ್ನು ಸೇನೆ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಸಿಎಸ್‌ಕೆಎಗೂ ರಾಷ್ಟ್ರೀಯ ತಂಡಕ್ಕೂ ಒಬ್ಬರೇ ಕೋಚ್, ವಿಕ್ಟರ್ ತಿಖೊನೊವ್. ದೇಶದ ಯಾವ ಮೂಲೆಯಲ್ಲಿ ಒಳ್ಳೆಯ ಹುಡುಗ ಕಂಡರೂ ಕಡ್ಡಾಯ ಸೇನಾಸೇವೆಯ ನೆಪದಲ್ಲಿ ಎಳೆದು ತರುವ ಅಧಿಕಾರ ಆ ಕ್ಲಬ್ಬಿಗಿತ್ತು. ತಂದವರನ್ನು ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಶಿಬಿರದಲ್ಲಿ ಇಡುತ್ತಿದ್ದರು. ಮದುವೆಯಾದವರು ಹೆಂಡತಿ ಮಕ್ಕಳ ಮುಖ ನೋಡಲೂ ಅನುಮತಿ ಕೇಳಬೇಕು. ಇದನ್ನೆಲ್ಲ 1988ರಲ್ಲಿ ಇಗೊರ್ ಲಾರಿಯೊನೊವ್ ಎಂಬ ಆಟಗಾರ ‘ಒಗೊನ್ಯೋಕ್’ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಊರಿಗೆಲ್ಲ ಸಾರಿದ. ಅಂಥ ಧೈರ್ಯ ಮಾಡಿದವರು ಬೆರಳೆಣಿಕೆಯವರು. ಉಳಿದವರು ಹಲ್ಲು ಕಚ್ಚಿ ಆಡಿದರು.

1988ರ ಕೊನೆಯಲ್ಲಿ ಅಲಾಸ್ಕಾದ ಆಂಕರೇಜ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಡಾನ್ ಲೂಸ್ ಮೊಗಿಲ್ನಿಯ ಹತ್ತಿರ ಸುಳಿದು ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟರು. ಅಂಗೈಯಗಲದ ಆ ಕಾಗದದ ತುಂಡು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ತಿಂಗಳ ಮೇಲೆ ಬಫಲೋದಲ್ಲಿ ಫೋನು ರಿಂಗಣಿಸಿತು. ಹುಡುಗ ಸ್ಟಾಕ್‌ಹೋಮ್‌ನಲ್ಲಿದ್ದಾನೆ, ಬರಲು ಸಿದ್ಧ, ಈಗಿಂದೀಗಲೇ ಹೊರಟು ಬನ್ನಿ. ಇದು ಮೋಸವೋ ನಿಜವೋ ಎಂದು ತೂಗಿ ನೋಡುವಷ್ಟು ಸಮಯವೂ ಇಲ್ಲ. ಮೀಹನ್ ಮತ್ತು ಲೂಸ್ ಸಿಕ್ಕ ವಿಮಾನ ಹತ್ತಿದರು.

ಕೈಗೆ ಸಿಕ್ಕ ಮೇಲೆ ಅವನನ್ನು ಉಳಿಸಿಕೊಳ್ಳುವುದು ಇನ್ನೊಂದು ಪಾಡು. ಅವನ ಬಳಿ ಅಮೆರಿಕದ ವೀಸಾ ಇಲ್ಲ. ತಂಡಕ್ಕೆ ಒಬ್ಬ ಕಡಿಮೆಯಾದದ್ದು ಗೊತ್ತಾಗಲು ಎಷ್ಟು ಹೊತ್ತು? ಗೊತ್ತಾದ ಮೇಲೆ ಯಾರು ಹುಡುಕಲು ಹೊರಡುತ್ತಾರೆ? ಒಂದೇ ಹೋಟೆಲಿನಲ್ಲಿ ನೆಲೆ ನಿಲ್ಲದೆ ಜಾಗ ಬದಲಿಸುತ್ತ, ಅಮೆರಿಕದ ರಾಯಭಾರ ಕಚೇರಿಯ ಬಾಗಿಲು ತಟ್ಟುತ್ತ ಅವರು ಕಾಲ ನೂಕಿದರು. ಪ್ರತಿ ಕಾರೂ ತಮ್ಮನ್ನೇ ಹಿಂಬಾಲಿಸುತ್ತಿದೆ ಎನ್ನಿಸುವ ದಿನಗಳವು. ಕಾಗದಪತ್ರ ಕೈಗೆ ಬಂದದ್ದೇ ತಡ, ಮೂವರೂ ನ್ಯೂಯಾರ್ಕ್ ವಿಮಾನದಲ್ಲಿದ್ದರು.

ಮಂಜೇ ಕಾಣದ ಸೀಮೆಯ ನಮಗೆ ಈ ಕಥೆ ಏಕೆ ಬೇಕು ಎಂದು ಕೊಪ್ಪಳದ ಓದುಗರು ಕೇಳಿದರೆ ನನ್ನ ಬಳಿ ಉತ್ತರವಿದೆ. ಗಡಿ ದಾಟುವುದು ಏನೆಂದು ಈ ಮಣ್ಣಿಗೆ ಚೆನ್ನಾಗಿ ಗೊತ್ತು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸಿದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇನ್ನೂ ನಿಜಾಮನ ಸಂಸ್ಥಾನದಲ್ಲಿದ್ದವು. ಗಂಗಾವತಿಯವರಿಗೆ ತುಂಗಭದ್ರೆಯ ಆಚೆ ದಡವೇ ಸ್ವತಂತ್ರ ಭಾರತ. ಕೊಪ್ಪಳ, ಯಲಬುರ್ಗಾದವರಿಗೆ ಪಡುವಣದ ಮುಂಡರಗಿ, ಗಜೇಂದ್ರಗಡ. ಆ ಎರಡೂ ಊರುಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ಹುಡುಗರು ಮನೆ ಬಿಟ್ಟು ಗಡಿ ದಾಟಿ ಹೋಗುತ್ತಿದ್ದರು. ಹೋದವನಿಗೆ ಶಿಬಿರದ ಆಸರೆ, ಊರಿನಲ್ಲಿ ಉಳಿದ ಮನೆಮಂದಿಗೆ ರಜಾಕಾರರ ಭಯ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೂ ಇದೇ ಸ್ಥಿತಿ. ಶಿವಮೂರ್ತಿ ಸ್ವಾಮಿಗಳನ್ನು 1952ರಲ್ಲಿ ಕುಷ್ಟಗಿ ಕ್ಷೇತ್ರದ ಜನ ಪಕ್ಷೇತರರಾಗಿಯೇ ಲೋಕಸಭೆಗೆ ಕಳಿಸಿದರು.

ಅವರು ಹೋದದ್ದು ನಾಡಿಗಾಗಿ, ಮೊಗಿಲ್ನಿ ಹೋದದ್ದು ತನ್ನ ಬದುಕಿಗಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಗಡಿಯಾಚೆ ನಿಂತು ಹಿಂದೆ ಉಳಿದ ತಾಯಿಯನ್ನು ನೆನೆಯುವ ಹುಡುಗನ ಸಂಕಟ ಖಬಾರೋವ್‌ಸ್ಕ್‌ಗಾಗಲಿ ಯಲಬುರ್ಗಾಕ್ಕಾಗಲಿ ಬೇರೆ ಬೇರೆಯಲ್ಲ. ಡ್ರಾಫ್ಟ್‌ನ ಕಷ್ಟಗಳೆಂದು ಬರೆಯುವವರು ವೀಸಾ, ಒಪ್ಪಂದ, ವಕೀಲರು ಎಂದು ಪಟ್ಟಿ ಮಾಡುತ್ತಾರೆ. ತಂಡ ಪಣಕ್ಕಿಡುವುದು ಒಂದು ಸರದಿಯನ್ನು. ಹುಡುಗ ಪಣಕ್ಕಿಡುವುದು ಮನೆಯನ್ನು.

1989ರ ಅಕ್ಟೋಬರ್ 5. ಬಫಲೋ ತಂಡಕ್ಕೆ ಮೊಗಿಲ್ನಿಯ ಮೊದಲ ಪಂದ್ಯ, ಎದುರಾಳಿ ಕ್ವಿಬೆಕ್. ಬೆನ್ನ ಮೇಲಿನ ಅಂಕಿ 89: ಅವನು ಆಯ್ಕೆಯಾದ ಸಂಖ್ಯೆಯೂ ಅದೇ, ದೇಶ ಬಿಟ್ಟ ವರ್ಷವೂ ಅದೇ. ಪಂದ್ಯ ಶುರುವಾಗಿ ಇಪ್ಪತ್ತನೆಯ ಸೆಕೆಂಡಿಗೆ ಗೋಲು! ಮೈದಾನ ಮೇಲೆದ್ದು ಕುಣಿಯಿತು. ಆದರೆ ಆ ಮೊದಲ ಋತುವಿನಲ್ಲೇ ಅವನಿಗೆ ವಿಮಾನದ ಭಯ ಹತ್ತಿತು, ತಂಡದವರು ಹಾರಿ ಹೋದ ಊರಿಗೆ ಅವನು ನೆಲದ ಮೇಲೆ ಹೋಗುವಂತಾಯಿತು. ಒಂದು ಸಲ ಹಾರಿ ಎಲ್ಲವನ್ನೂ ಹಿಂದೆ ಬಿಟ್ಟು ಬಂದವನು ಮತ್ತೆ ಹಾರಲು ಹೆದರಿದ್ದು ನನಗೆ ವಿಚಿತ್ರ ಎನಿಸುವುದಿಲ್ಲ. ಅದೇ ಹುಡುಗ 1992-93ರ ಒಂದೇ ಋತುವಿನಲ್ಲಿ 76 ಗೋಲು ಹೊಡೆದ.

ಅತ್ತ ಮಾಸ್ಕೋದಲ್ಲಿ ಕಾವಲು ಬಿಗಿಯಾಯಿತು. ಇತ್ತ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡಕ್ಕೆ ಹಸಿವು ಕೆರಳಿತು. ಮೊಗಿಲ್ನಿ ಓಡಿದ ಮರುತಿಂಗಳೇ, 1989ರ ಜೂನ್ ಡ್ರಾಫ್ಟ್‌ನಲ್ಲಿ, ಅದು 74ನೆಯ ಸರದಿಯಲ್ಲಿ ಸೆರ್ಗೆಯ್ ಫೆಡೊರೊವ್, 221ನೆಯ ಸರದಿಯಲ್ಲಿ ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್ ಹೆಸರು ಕೂಗಿತು. ಇಬ್ಬರೂ ಸಿಎಸ್‌ಕೆಎ ಹುಡುಗರು. ಫೆಡೊರೊವ್ ಮೊಗಿಲ್ನಿಯ ಜೊತೆಯಾಟಗಾರ, ಗೆಳೆಯ.

ನಿಮ್ಮನ್ನು ಆರಿಸಿದ್ದೇವೆ, ನಮ್ಮ ಕಡೆ ಬನ್ನಿ ಎಂದು ಹೇಳುವುದಾದರೂ ಹೇಗೆ? ಡೆಟ್ರಾಯಿಟ್‌ನ ಕ್ರೀಡಾ ವರದಿಗಾರ ಕೀತ್ ಗೇವ್‌ಗೆ ರಷ್ಯನ್ ಬರುತ್ತಿತ್ತು. ಆ ಆಗಸ್ಟಿನಲ್ಲಿ ಸೋವಿಯತ್ ತಂಡ ಹೆಲ್ಸಿಂಕಿಗೆ ಬಂದಾಗ ಗೇವ್ ವರದಿಗಾರನಾಗಿಯೇ ಅಲ್ಲಿಗೆ ಹೋದರು. ಕೈಯಲ್ಲಿ ರೆಡ್ ವಿಂಗ್ಸ್ ತಂಡದ ಪರಿಚಯ ಪುಸ್ತಕಗಳು, ಅವುಗಳ ಹಾಳೆಗಳ ನಡುವೆ ರಷ್ಯನ್ ಭಾಷೆಯಲ್ಲಿ ಬರೆದ ಪತ್ರಗಳು. ಪಂದ್ಯದ ನಂತರ ಎಲ್ಲರ ಎದುರೇ ಅವನ್ನು ಇಬ್ಬರ ಕೈಗೂ ಇತ್ತರು. ಪತ್ರಕರ್ತ ಮಾಡಬೇಕಾದ ಕೆಲಸ ಅದಲ್ಲವೆಂದು ಗೇವ್ ಅವರಿಗೂ ಗೊತ್ತಿತ್ತು, ಮುಂದೆ ಪುಸ್ತಕ ಬರೆದು ಎಲ್ಲವನ್ನೂ ಹೇಳಿಕೊಂಡರು.

1990ರ ಜುಲೈ. ಸಿಯಾಟಲ್‌ನ ಗುಡ್‌ವಿಲ್ ಗೇಮ್ಸ್‌ಗೆ ಬಂದ ಸೋವಿಯತ್ ತಂಡ ಮೊದಲು ಪೋರ್ಟ್‌ಲೆಂಡ್‌ನಲ್ಲಿ ಒಂದು ಪ್ರದರ್ಶನ ಪಂದ್ಯ ಆಡಿತು. ಪಂದ್ಯ ಮುಗಿಸಿ ಆಟಗಾರರು ಹೋಟೆಲಿಗೆ ಬಂದರು. ಕೆಳಗೆ ಲಾಬಿಯಲ್ಲಿ ಡೆಟ್ರಾಯಿಟ್ ತಂಡದ ಜಿಮ್ ಲೈಟ್ಸ್ ಕಾಯುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ತಂಡದ ಮಾಲೀಕ, ಪಿಜ್ಜಾ ವ್ಯಾಪಾರದ ಸಿರಿವಂತ ಮೈಕ್ ಇಲಿಚ್ ಅವರ ಸ್ವಂತ ವಿಮಾನ ಸಿದ್ಧವಾಗಿತ್ತು. ಫೆಡೊರೊವ್ ತಂಡದವರ ನಡುವಿನಿಂದ ಎದ್ದು ನಡೆದ, ಕಾರು ಹತ್ತಿದ, ವಿಮಾನ ಹತ್ತಿದ. ಬೆಳಗಾಗುವಷ್ಟರಲ್ಲಿ ತಿಖೊನೊವ್ ಮತ್ತೊಬ್ಬ ಮಗನಂಥ ಹುಡುಗನನ್ನು ಕಳೆದುಕೊಂಡಿದ್ದರು.

ಕಾನ್‌ಸ್ಟಾಂಟಿನೊವ್ ಹಾಗೆ ಓಡುವಂತಿರಲಿಲ್ಲ. ಅವನಿಗೆ ಹೆಂಡತಿ ಇದ್ದಳು, ಪುಟ್ಟ ಮಗಳಿದ್ದಳು. ಅವರನ್ನು ಬಿಟ್ಟು ಅವನು ಹೆಜ್ಜೆ ಕದಲಿಸಲಾರ. ಮೇಲಾಗಿ ಅವನು ಸೇನಾಧಿಕಾರಿ, ಸಿಎಸ್‌ಕೆಎಯ ನಾಯಕ. ಓಡಿಹೋದರೆ ಅಪರಾಧಿ. ಸೇನೆಯೇ ಕಳಿಸಿಕೊಟ್ಟರೆ? ಅದಕ್ಕೊಂದೇ ದಾರಿ, ಗುಣವಾಗದ ಕಾಯಿಲೆ. ಮಾಸ್ಕೋದ ಪತ್ರಕರ್ತ ವಲೇರಿ ಮತ್ವೆಯೆವ್ ಡೆಟ್ರಾಯಿಟ್‌ನ ದುಡ್ಡು ಹಿಡಿದು ವೈದ್ಯರ ಕೈ ಬೆಚ್ಚಗೆ ಮಾಡಿದ. ಕಲ್ಲಿನಂಥ ದೇಹದ, ಎದುರಾಳಿಗಳು ಡಿಕ್ಕಿ ಹೊಡೆಯಲು ಹೆದರುವ ಆ ಆಟಗಾರನಿಗೆ ಅಪರೂಪದ ಕ್ಯಾನ್ಸರ್ ಇದೆ ಎಂಬ ಕಾಗದ ಸಿದ್ಧವಾಯಿತು. ಒಬ್ಬ ವೈದ್ಯ ಹೇಳಿದರೆ ಸಾಲದು, ಇನ್ನೊಬ್ಬ ಒಪ್ಪಬೇಕು, ಮತ್ತೊಬ್ಬ ಸಹಿ ಹಾಕಬೇಕು. ಒಬ್ಬ ಬಾಯಿ ಬಿಟ್ಟಿದ್ದರೆ ಎಲ್ಲರೂ ಸೆರೆಮನೆಗೆ. ಯಾರೂ ಬಾಯಿ ಬಿಡಲಿಲ್ಲ. ಸೇನೆ ಅವನನ್ನು ಬಿಡುಗಡೆ ಮಾಡಿತು.

ಅಷ್ಟರಲ್ಲಿ 1991ರ ಆಗಸ್ಟ್ ಬಂತು. ಗೊರ್ಬಚೆವ್ ವಿರುದ್ಧ ದಂಗೆ, ಮಾಸ್ಕೋ ಬೀದಿಗಳಲ್ಲಿ ಟ್ಯಾಂಕುಗಳು. ನಾಳೆ ಯಾರ ಆಡಳಿತ, ಯಾವ ಕಾನೂನು, ಯಾರಿಗೂ ತಿಳಿಯದು. ಕಾನ್‌ಸ್ಟಾಂಟಿನೊವ್ ವಿಮಾನದ ಆಸೆ ಬಿಟ್ಟು ರೈಲಿನಲ್ಲಿ ಬುಡಾಪೆಸ್ಟ್‌ಗೆ ಹೊರಟ. ಪ್ರತಿ ನಿಲ್ದಾಣದಲ್ಲೂ ಎದೆಬಡಿತ, ಗಡಿಯಲ್ಲಿ ಯಾರು ಬಂದು ಏನು ಕೇಳುತ್ತಾರೋ ಎಂಬ ಅಂಜಿಕೆ. ಹಂಗೆರಿಯ ಗಡಿ ದಾಟಿದ್ದಾಯಿತು. ಆ ಶರತ್ಕಾಲಕ್ಕೆ ಅವನು ಡೆಟ್ರಾಯಿಟ್‌ನಲ್ಲಿದ್ದ, ಕುಟುಂಬವೂ ಬಂದು ಸೇರಿತು.

ಸುಳ್ಳು ಕಾಗದದ ಈ ವ್ಯವಹಾರವನ್ನು ನಾನು ಮೆಚ್ಚಲಾರೆ. ಲಂಚ ಕೊಟ್ಟು ರೋಗ ಬರೆಸುವುದು ಎಲ್ಲಿ ನಡೆದರೂ ಕೆಟ್ಟದ್ದೇ. ಹಾಗೆಂದು ಒಬ್ಬ ಆಟಗಾರ ತನ್ನ ಇಷ್ಟದ ಊರಿನಲ್ಲಿ ಆಡಲು ಸಾಯುವ ರೋಗಿಯ ವೇಷ ಹಾಕಬೇಕಾದ ವ್ಯವಸ್ಥೆಯನ್ನು ಅದಕ್ಕಿಂತ ಮೊದಲು ಕಟಕಟೆಗೆ ನಿಲ್ಲಿಸಬೇಕು.

1995ರ ಅಕ್ಟೋಬರ್ 27ರ ರಾತ್ರಿ ಕ್ಯಾಲ್ಗರಿಯಲ್ಲಿ ಡೆಟ್ರಾಯಿಟ್ ಕೋಚ್ ಸ್ಕಾಟಿ ಬೋಮನ್ ಐವರು ರಷ್ಯನ್ನರನ್ನು ಒಟ್ಟಿಗೆ ಮಂಜಿಗೆ ಇಳಿಸಿದರು. ಫೆಡೊರೊವ್, ಕಾನ್‌ಸ್ಟಾಂಟಿನೊವ್, ಕೋಜ್ಲೊವ್, ಬೇರೆ ತಂಡಗಳಿಂದ ಬಂದು ಸೇರಿದ ಫೆಟಿಸೊವ್ ಮತ್ತು ಪತ್ರ ಬರೆದ ಅದೇ ಲಾರಿಯೊನೊವ್. ಡೆಟ್ರಾಯಿಟ್ 3-0ಯಿಂದ ಗೆದ್ದಿತು. ಹೊಡೆದು ಬೀಳಿಸುವ ಆಟಕ್ಕೆ ಒಗ್ಗಿದ್ದ ಖಂಡಕ್ಕೆ ಈ ಐವರು ಚೆಂಡಿನಂತೆ ಬಳಸುವ ರಬ್ಬರ್ ಬಿಲ್ಲೆಯನ್ನು ತಮ್ಮತಮ್ಮಲ್ಲೇ ಆಡಿಸುತ್ತ ಎದುರಾಳಿಯನ್ನು ದಣಿಸುವುದನ್ನು ಕಲಿಸಿದರು. 1997ರ ಜೂನ್ 7ರಂದು ಡೆಟ್ರಾಯಿಟ್ 42 ವರ್ಷಗಳ ಬಳಿಕ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು. ರಾಯಚೂರಿನಿಂದ ಬೇರೆಯಾಗಿ ನಮ್ಮ ಕೊಪ್ಪಳ ಜಿಲ್ಲೆಯಾದ ವರ್ಷವೂ ಅದೇ.

ಆರೇ ದಿನ. ಜೂನ್ 13ರಂದು ಗೆಲುವಿನ ಔತಣ ಮುಗಿಸಿ ಫೆಟಿಸೊವ್, ಕಾನ್‌ಸ್ಟಾಂಟಿನೊವ್ ಮತ್ತು ತಂಡದ ಅಂಗಮರ್ದಕ ಸೆರ್ಗೆಯ್ ಮ್ನಾತ್ಸಕಾನೊವ್ ಬಾಡಿಗೆ ಲಿಮೋಸಿನ್‌ನಲ್ಲಿ ಹೊರಟಿದ್ದರು. ಕುಡಿದು ಓಡಿಸಬಾರದೆಂದೇ ಚಾಲಕನನ್ನು ಗೊತ್ತು ಮಾಡಿದ್ದರು. ಕಾರು ರಸ್ತೆ ಬಿಟ್ಟು ಮರಕ್ಕೆ ಅಪ್ಪಳಿಸಿತು. ಫೆಟಿಸೊವ್ ಗಾಯಗಳೊಂದಿಗೆ ಉಳಿದ. ಕಾನ್‌ಸ್ಟಾಂಟಿನೊವ್ ತಲೆಗೆ ಪೆಟ್ಟು ಬಿದ್ದು ವಾರಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ. ಸೇನೆಯನ್ನು, ದಂಗೆಯನ್ನು, ಗಡಿಗಳನ್ನು ದಾಟಿ ಬಂದ ಗಟ್ಟಿಗ ಮೂವತ್ತರ ಹರೆಯದಲ್ಲಿ ಮತ್ತೆಂದೂ ಆಡದವನಾದ. ಮರುವರ್ಷ ವಾಷಿಂಗ್‌ಟನ್‌ನಲ್ಲಿ ಡೆಟ್ರಾಯಿಟ್ ಮತ್ತೆ ಗೆದ್ದಾಗ ಅವನನ್ನು ಗಾಲಿಕುರ್ಚಿಯಲ್ಲಿ ಮಂಜಿನ ಮೇಲೆ ಕರೆತಂದರು, ನಾಯಕ ಸ್ಟೀವ್ ಐಜರ್ಮನ್ ಕಪ್ಪನ್ನು ಅವನ ತೊಡೆಯ ಮೇಲಿಟ್ಟ.

ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಓಟ ನಿಂತಿರಬೇಕಲ್ಲವೇ? ನಿಲ್ಲಲಿಲ್ಲ. ಸೇನೆಯ ಜಾಗದಲ್ಲಿ ಉಕ್ಕು, ತೈಲ, ಅನಿಲದ ಕಂಪನಿಗಳ ಕ್ಲಬ್ಬುಗಳು ಬಂದವು. 2005ರಲ್ಲಿ ಎನ್‌ಎಚ್‌ಎಲ್ ಜೊತೆ ಉಳಿದ ದೇಶಗಳು ಆಟಗಾರರ ವರ್ಗಾವಣೆಗೆ ಒಪ್ಪಂದ ಮಾಡಿಕೊಂಡಾಗ, ಕೊಡುವ ಪರಿಹಾರ ತೀರಾ ಕಡಿಮೆಯೆಂದು ರಷ್ಯಾ ಸಹಿ ಹಾಕಲಿಲ್ಲ. ನಾವು ಬೆಳೆಸಿದ ಹುಡುಗನನ್ನು ಪುಡಿಗಾಸಿಗೆ ಕೊಡಬೇಕೇ ಎಂಬ ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಒಪ್ಪಂದವಿಲ್ಲದ ಕಡೆ ನಡುವೆ ಸಿಕ್ಕಿ ನಲುಗುವವನು ಹುಡುಗನೇ.

ಎವ್ಗೆನಿ ಮಾಲ್ಕಿನ್ 2004ರ ಡ್ರಾಫ್ಟ್‌ನಲ್ಲಿ ಎರಡನೆಯ ಆಯ್ಕೆ, ಪಿಟ್ಸ್‌ಬರ್ಗ್‌ಗೆ. ಅವನ ಊರು ಉಕ್ಕಿನ ಊರಾದ ಮ್ಯಾಗ್ನಿಟೊಗೊರ್‌ಸ್ಕ್. 2006ರ ಆಗಸ್ಟಿನಲ್ಲಿ ಕ್ಲಬ್ಬಿನವರು ನಡುರಾತ್ರಿಯವರೆಗೂ ಒತ್ತಡ ಹೇರಿ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಪಾಸ್‌ಪೋರ್ಟ್ ಕೂಡ ಅವರ ವಶದಲ್ಲೇ. ಕೆಲವೇ ದಿನಗಳಲ್ಲಿ ತಂಡ ತರಬೇತಿಗೆಂದು ಹೆಲ್ಸಿಂಕಿಗೆ ಹಾರಿತು. ಗಡಿ ತಪಾಸಣೆಗೆ ಪಾಸ್‌ಪೋರ್ಟ್ ಕೈಗೆ ಬಂದದ್ದೇ ಅವಕಾಶ. ಇಪ್ಪತ್ತು ತುಂಬಿ ಎರಡು ವಾರವೂ ಆಗದ ಹುಡುಗ ವಿಮಾನ ನಿಲ್ದಾಣದಲ್ಲೇ ಏಜೆಂಟನ ಜೊತೆ ಮಾಯವಾದ. ಅಮೆರಿಕದ ವೀಸಾ ಸಿಗುವವರೆಗೆ ಆ ಊರಿನ ಮನೆಯೊಂದರಲ್ಲಿ ಅಡಗಿ ಕೂತ. ಆಮೇಲೆ ಲಾಸ್ ಏಂಜಲೀಸ್. ಕ್ಲಬ್ಬು ನ್ಯೂಯಾರ್ಕ್ ನ್ಯಾಯಾಲಯದವರೆಗೂ ಬೆನ್ನಟ್ಟಿ ಬಂದು ಬರಿಗೈಯಲ್ಲಿ ಮರಳಿತು. ಮಾಲ್ಕಿನ್ ತನ್ನ ಮೊದಲ ಆರು ಪಂದ್ಯಗಳಲ್ಲೂ ಗೋಲು ಹೊಡೆದ.

ಇಂಥದ್ದೆಲ್ಲ ಕಂಡ ತಂಡಗಳು ರಷ್ಯನ್ ಹೆಸರೆಂದರೆ ಹಿಂಜರಿಯುತ್ತವೆ. ಇವನು ಬರುತ್ತಾನೋ ಇಲ್ಲವೋ, ಬಂದರೂ ಎಂದು? ಹಾಗಾಗಿ ಅಪ್ಪಟ ಪ್ರತಿಭೆಗಳು ಕೆಳಕ್ಕೆ ಜಾರುತ್ತವೆ. 2015ರಲ್ಲಿ 135ನೆಯ ಆಯ್ಕೆಯಾದ ಕಿರಿಲ್ ಕಪ್ರಿಜೊವ್‌ನನ್ನು ಮಿನೆಸೋಟಾ ತಂಡ ಐದು ವರ್ಷ ಕಾಯಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲಂತೂ ರಷ್ಯಾ ತಂಡಗಳಿಗೆ ಅಂತರರಾಷ್ಟ್ರೀಯ ಟೂರ್ನಿಗಳ ಬಾಗಿಲು ಮುಚ್ಚಿತು, ಹುಡುಗರ ಆಟ ನೋಡಿ ಅಳೆಯುವವರಿಗೆ ವಿಡಿಯೋ ಬಿಟ್ಟರೆ ಗತಿಯಿಲ್ಲದಂತಾಯಿತು.

ಆ ವರ್ಷವೇ ಹಳೆಯ ಸೇನೆಯ ಕೈ ಮತ್ತೆ ಚಾಚಿತು. ಇವಾನ್ ಫೆಡೊಟೊವ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಗೋಲ್‌ಕೀಪರ್. ಫಿಲಡೆಲ್ಫಿಯಾ ಅವನನ್ನು 2015ರಲ್ಲಿ ಏಳನೆಯ ಸುತ್ತಿನಲ್ಲಿ ಆರಿಸಿತ್ತು. 2022ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಜುಲೈ 1ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವನನ್ನು ಹಿಡಿದರು. ಆರೋಪ: ಸೇನಾಸೇವೆ ತಪ್ಪಿಸಿಕೊಂಡದ್ದು. ಅವನು ಬಿಟ್ಟು ಹೊರಟಿದ್ದ ಕ್ಲಬ್ಬು ಯಾವುದು? ಅದೇ ಸಿಎಸ್‌ಕೆಎ. ಆಸ್ಪತ್ರೆ, ಅಲ್ಲಿಂದ ಬಡಗಣ ತುದಿಯ ಸೆವೆರೊಮೋರ್‌ಸ್ಕ್, ಅಲ್ಲಿಂದಾಚೆ ಹಿಮಸಾಗರದ ನಡುವಿನ ನೋವಾಯಾ ಜೆಮ್ಲ್ಯಾ ದ್ವೀಪ. ಗೋಲು ಕಾಯುವ ಕೈಗಳು ಒಂದು ಇಡೀ ಋತು ಮಂಜಿನ ಅಂಗಳ ಕಾಣಲಿಲ್ಲ. ಸೇವೆ ಮುಗಿಸಿದ ಮೇಲೂ ಫಿಲಡೆಲ್ಫಿಯಾದ ಒಪ್ಪಂದವನ್ನು ಬದಿಗೊತ್ತಿ ಸಿಎಸ್‌ಕೆಎ ಅವನನ್ನು ಇನ್ನೊಂದು ಋತು ಆಡಿಸಿತು. 2024ರ ಮಾರ್ಚಿನಲ್ಲಿ ಕೊನೆಗೂ ಬಿಟ್ಟಿತು. ಏಪ್ರಿಲ್ 1ರಂದು ಪಂದ್ಯದ ನಡುವೆ ಫಿಲಡೆಲ್ಫಿಯಾದ ಗೋಲ್‌ಕೀಪರ್ ಹೊರಬಂದ, ಫೆಡೊಟೊವ್ ಒಳಗೆ ನಡೆದ. ಹೆಸರು ಕೂಗಿ ಒಂಬತ್ತು ವರ್ಷ ಸಮೀಪಿಸಿತ್ತು, ಅವನಿಗೆ ವಯಸ್ಸು ಇಪ್ಪತ್ತೇಳು. ಎದುರಾಳಿಗಳು ಆಗಲೇ ಅವನತ್ತ ನುಗ್ಗಿ ಬರುತ್ತಿದ್ದರು.